ಆಲಿವ್ ಮರದ ಕಾಂಡದಲ್ಲಿ ಇಳಿಯುವ ಮಳೆನೀರು: ಒಂದು ಸ್ಪಷ್ಟನೆ

"ಆಲಿವ್ ಮರದ ಮೇಲೆ ಬಿದ್ದ ಮಳೆಯೆಲ್ಲ ಕಾಂಡದ ಮೇಲೆ ಹರಿದು ಬೇರಿಗೆ ಸೇರುತ್ತದೆ, ಬುಡಕ್ಕೆ ಪಾತಿ ಮಾಡಿದರೆ ಸಾಕು" ಅನ್ನೋ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ದಯವಿಟ್ಟು ಸುಮ್ನೆ ಮುಂದಕ್ಕೆ ಕಳಿಸಬೇಡಿ.

ಜಾಸ್ತಿ ನೀರು ಎಲೆಗಳ ಸಂದಿಯಿಂದ, ಎಲೆ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಸ್ವಲ್ಪ ನೀರು ಮರದ ಮೇಲೇ ಉಳಿದು ಆವಿಯಾಗುತ್ತದೆ. ಕಾಂಡದಲ್ಲಿ ಇಳಿಯುವುದು ಸಣ್ಣ ಪಾಲು. ಲೆಕ್ಕ ಹಾಕಿ ನೋಡಿ: 20 ಚದರ ಮೀಟರ್ ಹರಡಿದ ಮರದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್. ಅದರಲ್ಲಿ ನೂರಕ್ಕೆ 5 ಪಾಲು ಕಾಂಡಕ್ಕೆ ಬಂತು ಅಂದುಕೊಂಡರೂ 10 ಲೀಟರ್, ಒಂದು ಬಕೆಟ್ ಅಷ್ಟೇ ಅಲ್ವಾ? ಆದರೆ ಅಷ್ಟೂ ನೀರು ಬುಡದ ಸಣ್ಣ ಜಾಗಕ್ಕೇ ಸುರಿಯುವುದರಿಂದ ಅಲ್ಲಿ ಮಣ್ಣು ಚೆನ್ನಾಗಿ ನೆನೆಯುತ್ತದೆ, ಅದು ನಿಜ.

ಸ್ಪೇನಿನ ಹಯೆನ್ ಕಡೆಯ ಹಳೇ ತೋಟಗಳಲ್ಲಿ ಒಂದೇ ಬುಡದಿಂದ ಎರಡು ಮೂರು ಕಾಂಡ ಓರೆಯಾಗಿ ಬೆಳೆದಿರುತ್ತವೆ. ಅಂಥ ಕಾಂಡದಲ್ಲಿ ನೀರು ಸುತ್ತಲೂ ಸಮವಾಗಿ ಇಳಿಯುವುದಿಲ್ಲ, ಕೆಳಮಗ್ಗುಲಿನಲ್ಲಿ ಒಂದು ದಾರಿ ಹಿಡಿಯುತ್ತದೆ, ಗಂಟು ಸಿಕ್ಕ ಕಡೆ ತೊಟ್ಟಿಕ್ಕಿಬಿಡುತ್ತದೆ. ಒರಟು ತೊಗಟೆ ಮೊದಲು ತಾನು ನೆನೆಯಬೇಕು, ಹಾಗಾಗಿ ತುಂತುರು ಮಳೆಗೆ ಬುಡದವರೆಗೆ ಏನೂ ಬರುವುದಿಲ್ಲ. ಬೇರುಗಳಂತೂ ಕೊಂಬೆಯ ಹರವಿನಾಚೆಗೂ ಚಾಚಿರುತ್ತವೆ. ಮರಗಳ ನಡುವಿನ ನೆಲದಲ್ಲಿ ಇಂಗುವ ನೀರನ್ನು ಬಿಟ್ಟು ಬರೀ ಪಾತಿ ನಂಬಿದರೆ ಮರಕ್ಕೆ ಸಾಲದು.