ಮೊಳೆ ಇದ್ದಲ್ಲೇ ಚಿತ್ರ

ತುಮಕೂರಿನಲ್ಲಿ ಹೊಸ ಕಲಾವಿದರ ಗುಂಪು ಪ್ರದರ್ಶನ ಅಂದ್ರೆ ಸಾಕು, ಹಾಲ್‌ನ ಗೋಡೆಯಲ್ಲಿ ಮೊಳೆ ಎಲ್ಲಿದೆಯೋ ಅಲ್ಲೇ ಚಿತ್ರ. ಅದೂ ಏಳಡಿ ಮೇಲೆ, ಯಾವಾಗಲೋ ಹಾರ ಹಾಕಿದ ಫೋಟೊ ತೂಗಿದ್ದ ಮೊಳೆಗೆ. ವಿಷಯವೋ, ದೇಹ ಮತ್ತು ಗುರುತು! ಆಳೆತ್ತರದ ಸ್ವಚಿತ್ರದ ಎದುರು ನಿಂತರೆ ಕಣ್ಣಿಗೆ ಕಣ್ಣು ಸೇರಬೇಕು. ಇಲ್ಲಿ ಎದುರಾಗೋದು ಹೊಟ್ಟೆ.

ಲೆಕ್ಕ ಕಷ್ಟದ್ದೇನಲ್ಲ ಸ್ವಾಮಿ. ಚಿತ್ರದ ನಡುಭಾಗ ನೆಲದಿಂದ 58 ಇಂಚಿಗೆ ಬರಬೇಕು. ಚಿತ್ರದ ಅರ್ಧ ಎತ್ತರವನ್ನು 58ಕ್ಕೆ ಕೂಡಿಸಿ, ಚಿತ್ರದ ಬೆನ್ನಿಗೆ ಕಟ್ಟಿದ ದಾರ ಬಿಗಿದಾಗ ಮೇಲಂಚಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಕಳೆಯಿರಿ. 30 ಇಂಚಿನ ಚಿತ್ರ, ದಾರ 3 ಇಂಚು ಕೆಳಗೆ ಅಂದರೆ ಮೊಳೆ 70 ಇಂಚಿಗೆ. ಎರಡು ಮೊಳೆ ಹೊಡೆದರೆ ಸೊಟ್ಟಗಾಗಲ್ಲ. ಆಳೆತ್ತರದವಕ್ಕೆ ಮಾತ್ರ ಈ ಲೆಕ್ಕ ಬೇಡ, ಪಾದ ನೆಲದ ಹತ್ತಿರವೇ ಇರಲಿ.

ಗಾಜು ಹಾಕಿಸಿದವುಗಳ ಪಾಡು ಬೇರೆ. ಎದುರು ಗೋಡೆಯ ಟ್ಯೂಬ್‌ಲೈಟು ಚಿತ್ರದ ಮುಖದ ಮೇಲೇ ಬಿಳಿ ಪಟ್ಟಿಯಾಗಿ ಕೂರುತ್ತೆ. (ನೋಡುವವರ ಮುಖವೂ ಕಾಣುತ್ತೆ, ಅದೂ ಗುರುತಿನ ಹುಡುಕಾಟವೇ ಅಂತಾರೇನೋ.) ಆ ಟ್ಯೂಬು ಆರಿಸಿ, ಮೇಲಿಂದ 30 ಡಿಗ್ರಿ ಓರೆಯಲ್ಲಿ ಬೆಳಕು ಬಿಟ್ಟರೆ ಹೊಳಪು ನೆಲಕ್ಕಿಳಿಯುತ್ತೆ.

ಇನ್ನು ಕಾಗದದ ಕೆಲಸಗಳಿಗೆ ಡಬಲ್ ಟೇಪು. ಸುಣ್ಣದ ಗೋಡೆಯ ಪುಡಿ ಅಂಟಿಗೆ ಮೆತ್ತಿಕೊಂಡು ಮಧ್ಯಾಹ್ನದೊಳಗೆ ಉದುರುತ್ತೆ. ಉದುರದಿದ್ದರೆ ಕೀಳುವಾಗ ಕಾಗದದ ಬೆನ್ನು ಸುಲಿಯುತ್ತೆ. ಎರಡು ಕ್ಲಿಪ್ಪು ಸಿಕ್ಕಿಸಿ ಮೊಳೆಗೆ ತೂಗಿದ್ದರೆ ಸಾಕಿತ್ತು.

ಉದ್ಘಾಟನೆಯ ಫ್ಲೆಕ್ಸ್ ಮಾತ್ರ ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಒಂದಿಂಚೂ ಸೊಟ್ಟವಿಲ್ಲದೆ, ಮೂರು ಚಿತ್ರ ಮುಚ್ಚಿಕೊಂಡು.