ಕಾರಿಗೆ ಎಫ್‌ಸಿ, ರಸ್ತೆಗೆ ಗುದ್ದಲಿ ಪೂಜೆ

15 ವರ್ಷ ದಾಟಿದ ಕಾರು ಅಂದರೆ ಸರ್ಕಾರಕ್ಕೆ ಭಾರೀ ಕಾಳಜಿ. 2022ರ ಏಪ್ರಿಲ್‌ನಿಂದ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಹಾರಿತು. 20 ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ಬ್ರೇಕ್ ನೋಡುತ್ತಾರೆ, ಲೈಟ್ ನೋಡುತ್ತಾರೆ, ಹೊಗೆ ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಆ ಕಾರು ಓಡುವ ರಸ್ತೆಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಯಾರು ಕೊಟ್ಟರು? ರಸ್ತೆಗೆ ಗುದ್ದಲಿ ಪೂಜೆ ಒಂದಾದರೆ ಸಾಕು, ಆಯಸ್ಸು ದೇವರು ಕೊಟ್ಟಷ್ಟು.

ನನ್ನ ಹಳೇ ಕಾರಿನ ಮುಂದಿನ ಚಕ್ರದಲ್ಲಿ ಟಕ್ ಟಕ್ ಶುರುವಾಯಿತು. ಗ್ಯಾರೇಜಿನವರು ಕೆಳಗೆ ತೂರಿ, ಮೀಟಿ ನೋಡಿ, "ಲೋವರ್ ಆರ್ಮ್ ಹೋಗಿದೆ ಸಾರ್, ಎರಡೂ ಸೈಡ್ ಹಾಕಿಸಿಬಿಡಿ" ಅಂದರು. ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು ಅದು. ಗಾಡಿಯ ಕಡೆ ರಬ್ಬರ್ ಬುಷ್, ಚಕ್ರದ ಕಡೆ ಬಾಲ್ ಜಾಯಿಂಟ್. ಬುಷ್ ಹರಿದರೆ ಸದ್ದು, ಟೈರು ಅಡ್ಡಾದಿಡ್ಡಿ ಸವೆತ. ಬಾಲ್ ಜಾಯಿಂಟ್ ಕಳಚಿತೋ, ಚಕ್ರ ಒಂದು ಕಡೆ, ನೀವು ಒಂದು ಕಡೆ.

ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದರಲ್ಲೇ ಅವರಿಗೆ ಸಾಕುಸಾಕಾಯಿತು. ಹೊಸ ಆರ್ಮ್ ಕೂರಿಸಿದ ಮೇಲೂ ಬುಷ್ ಬೋಲ್ಟನ್ನು ಪೂರ್ತಿ ಬಿಗಿ ಮಾಡಲಿಲ್ಲ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕಡೆಯ ಬಿಗಿತವಂತೆ. ಚಕ್ರ ನೇತಾಡುವಾಗ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಒಬ್ಬ ಮೆಕ್ಯಾನಿಕ್‌ಗೆ ಇಷ್ಟು ನಿಗಾ ಇದೆ, ನೋಡಿ. ಟಾರು ಹಾಕಿದ ಮಾರನೇ ವಾರ ಪೈಪಿಗೆಂದು ಅದೇ ರಸ್ತೆ ಅಗೆಯುವವರನ್ನು ಇವರ ಹತ್ತಿರ ಕೆಲಸಕ್ಕೆ ಬಿಡಬೇಕು.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪುಸ್ತಕದಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲೆ ಬಣ್ಣ, ಮೊದಲೇ ಬೋರ್ಡು. ನಮ್ಮ ಬಡಾವಣೆಯದ್ದು ರಾತ್ರೋರಾತ್ರಿ ಹುಟ್ಟಿದ್ದು. ಬಣ್ಣವಿಲ್ಲ, ಬೋರ್ಡಿಲ್ಲ, ಕತ್ತಲಲ್ಲಿ ಮಲಗಿದ ಎಮ್ಮೆಯ ಹಾಗೆ ಬಿದ್ದಿದೆ.

ದಸರಾ ಬಂತೆಂದರೆ ಮಾತ್ರ ಊರಿಗೆ ಕಳೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್, ಗುಂಡಿಗಳು ಮಾಯ. 750 ಕೆಜಿ ಅಂಬಾರಿ ಹೊರುವ ಆನೆಗೆ ಲೋವರ್ ಆರ್ಮ್ ಇಲ್ಲ, ಬುಷ್ ಇಲ್ಲ, ಅಲೈನ್‌ಮೆಂಟ್ ಬೇಡ. ಆದರೂ ಅದಕ್ಕೆ ನುಣುಪು ರಸ್ತೆ. ಒಪ್ಪಿಕೊಳ್ಳೋಣ, ದೇವಿ ಕೂತಿರುತ್ತಾಳೆ. ನನ್ನದೊಂದು ಸಲಹೆ ಇದೆ. ಜಂಬೂ ಸವಾರಿಯನ್ನು ವರ್ಷಕ್ಕೊಂದು ಬಡಾವಣೆಗೆ ಕಳಿಸಿ. ಈ ಸಲ ಕುವೆಂಪುನಗರ, ಮುಂದಿನ ಸಲ ಬೋಗಾದಿ, ಆಮೇಲೆ ಹೆಬ್ಬಾಳು. ಆನೆಗಳಿಗೂ ಊರು ನೋಡಿದ ಹಾಗಾಗುತ್ತದೆ. ಮಂಡ್ಯದವರು ಬೇಜಾರಾಗಬೇಡಿ, ಶ್ರೀರಂಗಪಟ್ಟಣದಲ್ಲೂ ದಸರಾ ಇದೆಯಲ್ಲ, ಅದನ್ನು ಹಾಗೇ ನಿಮ್ಮ ಮನೆ ಮುಂದಿನವರೆಗೂ ಎಳೆಸಿಕೊಳ್ಳಿ.

ತಮಾಷೆ ಸಾಕು. ಲೋವರ್ ಆರ್ಮ್ ಹೋದರೆ ನನ್ನ ದುಡ್ಡು ಹೋಗುತ್ತದೆ, ಅಷ್ಟೇ. ಮಳೆನೀರು ತುಂಬಿದ ಗುಂಡಿ ಕಾಣದೆ ಬೈಕಿನಿಂದ ಬಿದ್ದ ಹುಡುಗನ ಮಂಡಿಗೆ ಅಂಗಡಿಯಲ್ಲಿ ಸ್ಪೇರ್ ಸಿಗುವುದಿಲ್ಲ. ಕಾರು ಕೊಂಡಾಗಲೇ ಲೈಫ್ ಟ್ಯಾಕ್ಸ್ ಕಟ್ಟಿದ್ದೇವೆ, ಪೆಟ್ರೋಲ್ ಹಾಕಿಸಿದಾಗಲೆಲ್ಲ ರಸ್ತೆಯ ಸೆಸ್ ಕಟ್ಟುತ್ತಿದ್ದೇವೆ, ಇಷ್ಟಾದರೂ ಗುಂಡಿ ಮುಚ್ಚಿ ಅಂತ ಅರ್ಜಿ ಬರೆದು ಕೈಮುಗಿಯಬೇಕು, ಯಾಕೆ? ಇಂತಿಷ್ಟು ಕಾಲದೊಳಗೆ ಹಾಳಾದರೆ ಗುತ್ತಿಗೆದಾರನೇ ರಿಪೇರಿ ಮಾಡಬೇಕು ಅಂತ ಕರಾರಿನಲ್ಲಿ ಇರುತ್ತದೆ. ಆ ಗುತ್ತಿಗೆದಾರ ಯಾರು ಅಂತ ತಿಳಿಯೋಣ ಎಂದು ನಮ್ಮ ರಸ್ತೆಯ ತುದಿಯ ಬೋರ್ಡಿನ ಹತ್ತಿರ ಹೋದೆ. ಅದರ ಮೇಲೆ ಯಾವುದೋ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ.