ಅಫೀಮು ಯುದ್ಧದಲ್ಲಿ ನಾವೂ ಇದ್ದೆವು

ಮೊನ್ನೆ ಹಬ್ಬಕ್ಕೆ ಮನೆಯಲ್ಲಿ ಗಸಗಸೆ ಪಾಯಸ. ಕುಡಿದ ಮೇಲೆ ಎಂದಿನಂತೆ ಕಣ್ಣು ಎಳೆಯುತ್ತಿತ್ತು. ಪಿಯುಸಿ ಓದುವ ಮಗಳು, "ಅಪ್ಪಾ, ಅಫೀಮೂ ಇದೇ ಗಿಡದ್ದಂತೆ, ಹೌದಾ?" ಅಂದಳು. ಹೌದು. ಹಸಿ ಕಾಯಿಯನ್ನು ಗೀರಿದರೆ ಒಸರುವ ಹಾಲು ಅಫೀಮು, ಒಣಗಿದ ಕಾಯಿ ಒಡೆದರೆ ಸಿಗುವ ಬೀಜ ಗಸಗಸೆ. ಮಾತು ಅಫೀಮು ಯುದ್ಧಕ್ಕೆ ಹೊರಳಿತು. "ಅದು ಬ್ರಿಟಿಷರಿಗೂ ಚೀನಾದವರಿಗೂ ಆದ ಜಗಳ ಅಲ್ವಾ?" ಅಂದಳು. ಅವಳ ವಯಸ್ಸಿನಲ್ಲಿ ನಾನೂ ಹಾಗೇ ತಿಳಿದಿದ್ದೆ. ಆ ತಿಳಿವಳಿಕೆಯ ಬಗ್ಗೆಯೇ ನನ್ನ ತಕರಾರು.

ಇಂಗ್ಲೆಂಡಿಗೆ ಚಹಾ ಬಿಟ್ಟಿರಲಾಗದ ಸ್ಥಿತಿ. ಚೀನಾದವರು ಚಹಾ, ರೇಷ್ಮೆ, ಪಿಂಗಾಣಿ ಕೊಟ್ಟು ಬೆಳ್ಳಿ ಎಣಿಸಿಕೊಳ್ಳುತ್ತಿದ್ದರು. ಆ ಬೆಳ್ಳಿಯ ಸೋರಿಕೆ ತಡೆಯಲು ಸಿಕ್ಕ ಸರಕೇ ಅಫೀಮು. ಅದು ಬೆಳೆದದ್ದು ಬಿಹಾರದಲ್ಲಿ, ಬನಾರಸಿನ ಸುತ್ತಮುತ್ತ, ಮಾಳವದಲ್ಲಿ. ಬಿಹಾರ, ಬನಾರಸಿನ ರೈತನಿಗೆ ಈಸ್ಟ್ ಇಂಡಿಯಾ ಕಂಪನಿ ಮುಂಗಡ ಕೊಡುತ್ತಿತ್ತು, ದರವನ್ನೂ ತಾನೇ ಕಟ್ಟಿ ಬೆಳೆದಷ್ಟನ್ನೂ ತಾನೇ ಕೊಳ್ಳುತ್ತಿತ್ತು. ಪಟ್ನಾ, ಘಾಜಿಪುರಗಳಲ್ಲಿ ಉಂಡೆ ಕಟ್ಟಿ, ಪೆಟ್ಟಿಗೆ ತುಂಬಿ, ಕಲ್ಕತ್ತೆಯಲ್ಲಿ ಹರಾಜು. ಚೀನಾದಲ್ಲಿ 1729ರಲ್ಲೇ ನಿಷೇಧ ಬಂದಿತ್ತಾದ್ದರಿಂದ ಕಂಪನಿ ತನ್ನ ಹಡಗಿನಲ್ಲಿ ಒಯ್ಯಲಿಲ್ಲ. ಹರಾಜಿನಲ್ಲಿ ಕೊಂಡ ವ್ಯಾಪಾರಿಗಳು ಕದ್ದು ಸಾಗಿಸಿದರು. ಬೊಂಬಾಯಿಯ ಜಮ್ಷೆಟ್ಜಿ ಜೀಜೀಭಾಯ್ ಆಸ್ಪತ್ರೆ ಕಟ್ಟಿಸಿದ ದಾನಿ, ನಿಜ. ಆ ಸಂಪತ್ತಿನಲ್ಲಿ ಅಫೀಮಿನ ಪಾಲಿತ್ತು, ಅದೂ ನಿಜ. ಎರಡನ್ನೂ ಒಟ್ಟಿಗೇ ಹೇಳಬೇಕು.

1839ರಲ್ಲಿ ಚಕ್ರವರ್ತಿಯ ಅಧಿಕಾರಿ ಲಿನ್ ಝೆಕ್ಸು ದಕ್ಷಿಣ ಚೀನಾದ ಬಂದರು ಕ್ಯಾಂಟನ್‌ಗೆ ಬಂದು 20,000ಕ್ಕೂ ಹೆಚ್ಚು ಪೆಟ್ಟಿಗೆ ವಶಪಡಿಸಿಕೊಂಡರು. ಹ್ಯೂಮೆನ್ ತೀರದಲ್ಲಿ ಹೊಂಡ ತೋಡಿಸಿ, ಉಪ್ಪು, ಸುಣ್ಣ ಸುರಿದು, ಮೂರು ವಾರಕ್ಕೂ ಮಿಕ್ಕಿ ಕರಗಿಸಿ ಕಡಲಿಗೆ ಬಿಡಿಸಿದರು. ಕಡಲನ್ನು ಹೊಲಸು ಮಾಡುತ್ತಿದ್ದೇನೆಂದು ಮೊದಲೇ ಸಮುದ್ರ ದೇವತೆಯ ಕ್ಷಮೆ ಕೇಳಿದ್ದರು. ಪ್ರತಿ ಸಲ ಓದಿದಾಗಲೂ ಇಲ್ಲಿ ನನ್ನ ಕಣ್ಣು ತುಂಬುತ್ತದೆ. ನಮ್ಮ ನೆಲದ ವಿಷಕ್ಕಾಗಿ ಅವರು ತಮ್ಮ ಕಡಲಿಗೆ ಕೈ ಮುಗಿದರು.

ಇದೇ ನೆಪದಲ್ಲಿ ಬ್ರಿಟನ್ ಚೀನಾದ ಮೇಲೆ ಯುದ್ಧಕ್ಕೆ ಹೊರಟಿತು. ಅದಕ್ಕಾಗಿ ಲಂಡನ್ನಿನ ಸಂಸತ್ತಿನಲ್ಲಿ ಸರ್ಕಾರವನ್ನು ಖಂಡಿಸುವ ಗೊತ್ತುವಳಿ ಬರೀ 9 ಮತಗಳಿಂದ ಬಿದ್ದುಹೋಯಿತು. ಚೀನಾ ಸೋತು, 1842ರಲ್ಲಿ ನಾನ್‌ಜಿಂಗ್ ಒಪ್ಪಂದ. ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು, ಐದು ಬಂದರು ತೆರೆದವು, 2.1 ಕೋಟಿ ಬೆಳ್ಳಿ ಡಾಲರ್ ದಂಡ. ಅದರಲ್ಲಿ 60 ಲಕ್ಷ, ಲಿನ್ ಕರಗಿಸಿದ ಅಫೀಮಿನ ಬೆಲೆ! ಸಹಿ ಬಿದ್ದದ್ದು ಕಾರ್ನ್‌ವಾಲಿಸ್ ಎಂಬ ಯುದ್ಧನೌಕೆಯ ಮೇಲೆ. ಬೊಂಬಾಯಿಯಲ್ಲಿ ತೇಗದ ಮರದಿಂದ ವಾಡಿಯಾ ಮನೆತನದವರು ಕಟ್ಟಿದ ಹಡಗು ಅದು.

"ನಾವೇ ಗುಲಾಮರಾಗಿದ್ದೆವು, ನಮ್ಮ ತಪ್ಪೇನು?" ಎಂದು ಗೆಳೆಯರೊಬ್ಬರು ಕೇಳಿದರು. ಮುಂಗಡದ ಸಾಲಕ್ಕೆ ಸಿಕ್ಕಿಬಿದ್ದ ರೈತನ ಮೇಲೆ ನಾನು ತಪ್ಪು ಹೊರಿಸುತ್ತಿಲ್ಲ. ಆದರೆ ಗುಲಾಮಗಿರಿಯ ಕಾಲದಲ್ಲೇ, 1881ರಲ್ಲಿ, ಇಪ್ಪತ್ತರ ಹರೆಯದ ರವೀಂದ್ರನಾಥ ಟಾಗೋರ್ ಇದನ್ನು ಸಾವಿನ ವ್ಯಾಪಾರವೆಂದು ಬಂಗಾಳಿಯಲ್ಲಿ ಬರೆದರು. ದಾದಾಭಾಯಿ ನವರೋಜಿಯವರೂ ಸುಮ್ಮನಿರಲಿಲ್ಲ. ಅವರಿಗೆ ಕಂಡದ್ದು ಸ್ವತಂತ್ರರಾದ ನಮಗೆ ಕಾಣದೆ ಹೋದರೆ ಹೇಗೆ?

ಆ ರಾತ್ರಿ ಮಗಳಿಗೆ ಸಾನ್ಯುವಾನ್‌ಲಿಯ ಕಥೆ ಹೇಳಿದೆ. 1841ರ ಮೇ ಕೊನೆ, ಕ್ಯಾಂಟನ್ ಹೊರಗಿನ ಗದ್ದೆಬಯಲು. ಹಳ್ಳಿಯ ಜನ ಸಾವಿರಗಟ್ಟಲೆ ಸೇರಿ ಬ್ರಿಟಿಷ್ ಪಡೆಯ ಮೇಲೆ ಎದ್ದಿದ್ದರು. ಜಡಿಮಳೆಯಲ್ಲಿ ಒಂದು ತುಕಡಿ ದಾರಿ ತಪ್ಪಿತು. ಕಂಪನಿಯ ಭಾರತೀಯ ಕಾಲಾಳು ಪಡೆಯಾದ 37ನೇ ಮದ್ರಾಸ್ ನೇಟಿವ್ ಇನ್ಫೆಂಟ್ರಿಯ ಸಿಪಾಯಿಗಳು. ಮದ್ದು ನೆನೆದು ಕೋವಿ ಹಾರಲಿಲ್ಲ. ಚೌಕಾಕಾರವಾಗಿ ಬೆನ್ನಿಗೆ ಬೆನ್ನು ಕೊಟ್ಟು, ಬರೀ ಬಯೋನೆಟ್ ಹಿಡಿದು ನಿಂತರು. ಸುತ್ತ ಈಟಿ, ಗುದ್ದಲಿ ಹಿಡಿದ ಒಕ್ಕಲು ಮಕ್ಕಳು. ಇತ್ತ ನಿಂತಿದ್ದವರೂ ನಮ್ಮ ದಕ್ಷಿಣ ಭಾರತದ ಹಳ್ಳಿಗಳಿಂದ ಸಂಬಳಕ್ಕೆ ಬಂದವರೇ.

"ಅವರಿಗೆ ಯಾಕೆ ಅಲ್ಲಿದ್ದೀವಿ ಅಂತ ಗೊತ್ತಿತ್ತಾ?" ಅಂತ ಕೇಳಿದಳು.